ಗಿಡ ಬಾಡಿದರೆ ಎಲೆಯ ಕೆಳಗೆ ನೋಡಿ

*ಇಂದಿನ ಧಮ್ಮ ಚಿಂತನೆ*



ಬಂಧುಗಳೇ,

ಮಾರ್ಚ್ ಮುಗಿಯುತ್ತ ಬಂತು. ಬಾಗಲಕೋಟೆಯಿಂದ ಇಳಕಲ್‌ವರೆಗೆ ಬಿಸಿಲು ಏರಿದೆ. ಎರಡು ವಾರದಿಂದ ನಮ್ಮ ಗುಂಪಿನಲ್ಲಿ ಸುತ್ತಗಳ ಚರ್ಚೆಗಿಂತ ಹಿತ್ತಲ ಗಿಡಗಳ ಫೋಟೋಗಳೇ ಹೆಚ್ಚು ಬರುತ್ತಿವೆ. "ಅಕ್ಕೋರೆ, ಇದು ಧಮ್ಮದ ಗ್ರೂಪೋ, ಕಾಯಿಪಲ್ಯದ ಗ್ರೂಪೋ?" ಎಂದು ಹಿರಿಯರೊಬ್ಬರು ನಗುತ್ತ ಕೇಳಿದರು. ಇವತ್ತಿನ ಮಟ್ಟಿಗೆ ಎರಡೂ ಒಂದೇ ಎಂದು ನಾನು ಹೇಳುತ್ತೇನೆ. ಯಾಕೆ ಎಂಬುದನ್ನು ವಿಚಾರ ಮಾಡೋಣ.

ಮೊದಲು ವರದಿ ನೋಡೋಣ. ಬಾಗಲಕೋಟೆ ನವನಗರದ ಒಬ್ಬರ ತಾರಸಿಯ ಮೇಲೆ ಟೊಮ್ಯಾಟೊ ಗಿಡದ ತುಂಬ ಹೂ. ಆದರೆ ಕಾಯಿ ಕಟ್ಟದೆ ಎಲ್ಲ ಉದುರುತ್ತಿವೆ. ಹುನಗುಂದದ ಉಪಾಸಕರೊಬ್ಬರ ಬೆಂಡೆ ಎಲೆಗಳು ಹಳದಿಗೆ ತಿರುಗಿವೆ. ಬಾದಾಮಿ ಕಡೆಯ ಒಂದು ಮನೆಯಲ್ಲಿ ಮೆಣಸಿನ ಗಿಡ ಮುಟುರಿಕೊಂಡಿವೆ. ಇಳಕಲ್‌ನಲ್ಲಿ ನಮ್ಮ ಮನೆಯ ಹೀರೆಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವು ನೂರಾರು, ಕಾಯಿ ಮಾತ್ರ ಒಂದೂ ಇಲ್ಲ. ಹಾಗೆಂದು ಎಲ್ಲವೂ ಕೆಟ್ಟಿಲ್ಲ. ಚವಳಿಕಾಯಿ, ಪುಂಡಿಪಲ್ಯ, ರಾಜಗಿರಿ ಈ ಬಿಸಿಲಿಗೂ ಜಗ್ಗದೆ ನಿಂತಿವೆ. ಪುಂಡಿಪಲ್ಯ, ಜೋಳದ ರೊಟ್ಟಿಯ ಫೋಟೋ ಹಾಕಿ ಹೊಟ್ಟೆ ಉರಿಸಿದವರೂ ನಮ್ಮಲ್ಲಿದ್ದಾರೆ!

ನಾನು ಗಮನಿಸಿದ್ದು ಫೋಟೋಗಳನ್ನಲ್ಲ, ಅವುಗಳ ಕೆಳಗೆ ಬಂದ ಮಾತುಗಳನ್ನು. ಟೊಮ್ಯಾಟೊಗೆ ಯಾರದೋ ಕಣ್ಣು ಬಿತ್ತು, ಹಳೇ ಚಪ್ಪಲಿ ಕಟ್ಟಿ ಎಂದರು ಒಬ್ಬರು. ಬೆಂಡೆಗೆ "ಬಿತ್ತಿದವರ ಕೈಗುಣ" ಎಂದರು ಇನ್ನೊಬ್ಬರು. ನಮ್ಮ ಹೀರೆಯನ್ನು ನೋಡಿ "ಇದು ಬಂಜೆ ಬಳ್ಳಿ, ಕಿತ್ತು ಒಗೀರಿ" ಎಂದರು ಓಣಿಯವರು. ಬಾದಾಮಿಯ ಮೆಣಸಿನ ಗಿಡಕ್ಕೆ ಸಿಕ್ಕ ಉತ್ತರ ಇನ್ನೂ ಕಠಿಣವಾದದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ನಿಜವಾದ ಕಾರಣಗಳನ್ನು ನೋಡಿ. ಹಗಲು ಬಿಸಿಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮ್ಯಾಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂ ಫಲ ಕಟ್ಟದೆ ಉದುರುತ್ತದೆ. ತಾರಸಿಯ ಕಾಂಕ್ರೀಟಿನ ಮೇಲಿಟ್ಟ ಕುಂಡದಲ್ಲಂತೂ ಬೇರು ಸಹ ಬೇಯುತ್ತದೆ. ಮಧ್ಯಾಹ್ನದ ಹೊತ್ತು ಹಳೇ ಸೀರೆಯ ನೆರಳು ಕಟ್ಟಿ, ಬುಡಕ್ಕೆ ಒಣ ಎಲೆ, ಜೋಳದ ಕಣಿಕೆಯ ಹೊದಿಕೆ ಕೊಟ್ಟು, ಬೆಳಗ್ಗೆ ಇಲ್ಲವೆ ಸಂಜೆ ನೀರು ಕೊಟ್ಟರೆ ಗಿಡ ಉಳಿಯುತ್ತದೆ. ಬೆಂಡೆಯದು ನಂಜು ರೋಗ. ಅದನ್ನು ಗಿಡದಿಂದ ಗಿಡಕ್ಕೆ ಹರಡುವುದು ಬಿಳಿ ನೊಣ. ಒಮ್ಮೆ ಹತ್ತಿದರೆ ಆ ಗಿಡಕ್ಕೆ ಔಷಧವಿಲ್ಲ, ಕಿತ್ತು ದೂರ ಹಾಕಿ ಉಳಿದವನ್ನು ಕಾಯಬೇಕು. ಈ ರೋಗವನ್ನು ತಡೆಯಲೆಂದೇ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಅನಾಮಿಕ ಎಂಬ ತಳಿ ರೂಪಿಸಿದರು.

ಇನ್ನು ನಮ್ಮ "ಬಂಜೆ" ಬಳ್ಳಿ. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಬರುವುದು ಗೊಂಚಲು ಗೊಂಚಲಾಗಿ ಗಂಡು ಹೂ. ಹೆಣ್ಣು ಹೂ ಆಮೇಲೆ ಬರುತ್ತದೆ, ಅದರ ಹಿಂದೆ ಪುಟ್ಟ ಕಾಯಿ ಕಾಣುತ್ತದೆ. ಬಿಸಿಲು ಹೆಚ್ಚಾದಾಗ ಗಂಡು ಹೂವೇ ಜಾಸ್ತಿ. ಹೀರೆ ಹೂ ಅರಳುವುದು ಸಂಜೆ. ಆ ಹೊತ್ತಿಗೆ ಗಂಡು ಹೂವೊಂದನ್ನು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಕಾಯಿ ನಿಲ್ಲುತ್ತದೆ. ಬಳ್ಳಿಯಲ್ಲಿ ಯಾವ ದೋಷವೂ ಇರಲಿಲ್ಲ. ನೂರು ಗಂಡು ಹೂ ಬಿಟ್ಟ ಬಳ್ಳಿಗೆ ನಾವು ಕೊಟ್ಟ ಹೆಸರು ಬಂಜೆ! ಇದೇ ಹೆಸರನ್ನು ವೈದ್ಯರ ಹತ್ತಿರ ಗಂಡನನ್ನು ಒಮ್ಮೆಯೂ ಕರೆದೊಯ್ಯದೆ ಎಷ್ಟು ಹೆಣ್ಣುಮಕ್ಕಳಿಗೆ ನಮ್ಮ ಓಣಿಗಳಲ್ಲಿ ಕೊಟ್ಟಿದ್ದಾರೆ ಎಂಬುದನ್ನು ನೀವೇ ನೆನೆಸಿಕೊಳ್ಳಿ.

*ಬಂಧುಗಳೇ, ಇವತ್ತಿನ ಮುಖ್ಯ ಮಾತು ಇದು. ಕಾರಣ ಹುಡುಕದವರು ಅಪರಾಧಿಯನ್ನು ಹುಡುಕುತ್ತಾರೆ.* ಆ ಅಪರಾಧಿ ಯಾವಾಗಲೂ ಮನೆಯಲ್ಲಿ, ಊರಲ್ಲಿ ಬಾಯಿ ಇಲ್ಲದವರೇ ಆಗಿರುತ್ತಾರೆ.

ಭಗವಾನ್ ಬುದ್ಧರು ಲೋಕಕ್ಕೆ ಕೊಟ್ಟ ದೊಡ್ಡ ದೃಷ್ಟಿ ಪ್ರತೀತ್ಯಸಮುತ್ಪಾದ. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ. ಕಾರಣ ತೆಗೆದರೆ ಪರಿಣಾಮವೂ ಹೋಗುತ್ತದೆ. ನಾಲ್ಕು ಆರ್ಯ ಸತ್ಯಗಳೂ ಇದೇ ದಾರಿಯಲ್ಲಿ ನಡೆಯುತ್ತವೆ: ದುಃಖ ಇದೆ, ಅದಕ್ಕೆ ಕಾರಣ ಇದೆ, ಅದು ಕೊನೆಯಾಗಬಲ್ಲದು, ಕೊನೆಗೊಳಿಸುವ ಮಾರ್ಗ ಇದೆ. ಮೆಣಸಿನ ಗಿಡದ ಮುಂದೆ ನಿಂತ ರೈತನೂ ಇದೇ ನಾಲ್ಕು ಪ್ರಶ್ನೆ ಕೇಳುತ್ತಾನೆ. 1956ರಲ್ಲಿ ಬಾಬಾಸಾಹೇಬರು ತಮಗೆ ಬೌದ್ಧ ಧಮ್ಮ ಯಾಕೆ ಹಿಡಿಸಿತು ಎಂದು ಬಿಬಿಸಿ ರೇಡಿಯೊದಲ್ಲಿ ವಿವರಿಸುವಾಗ ಪ್ರಜ್ಞೆ, ಕರುಣೆ, ಸಮತೆ ಎಂಬ ಮೂರು ಸಂಗತಿಗಳನ್ನು ಹೇಳಿದರು. ಪ್ರಜ್ಞೆ ಎಂದರೆ ಮೂಢನಂಬಿಕೆಗೆ, ಪವಾಡಕ್ಕೆ ಎದುರಾಗಿ ನಿಲ್ಲುವ ತಿಳಿವಳಿಕೆ ಎಂಬುದು ಅವರ ವಿವರಣೆ. ಮೂರರಲ್ಲಿ ಪ್ರಜ್ಞೆಯೇ ಮೊದಲು ಬಂತು ಎಂಬುದನ್ನು ಗಮನಿಸಿ.

ಈಗ ಬಾದಾಮಿಯ ಮನೆಗೆ ಬರೋಣ. ಆ ತಾಯಿ ಇದನ್ನು ಎಲ್ಲರಿಗೂ ಹೇಳಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಮಗಳು 9ನೇ ತರಗತಿ. ಹಿತ್ತಲಲ್ಲಿ ಮೂವತ್ತು ಮೆಣಸಿನ ಸಸಿ ಹಚ್ಚಿ, ಪಾತ್ರೆ ತೊಳೆದ ನೀರನ್ನು ಕೊಡದಲ್ಲಿ ಹೊತ್ತು ಬೆಳೆಸಿದವಳು ಅವಳೇ. ಎಲೆ ಮುಟುರಿಕೊಂಡಾಗ ಆಯಿ ಹೇಳಿದರು: "ಹೊರಗಾದಾಗ ಗಿಡದ ಕಡೆ ಹೋಗಿದ್ದಿ, ಅದಕ್ಕs ಹಿಂಗಾಗ್ಯಾವ. ಇನ್ನ ಮುಟ್ಟಬ್ಯಾಡವಾ." ಹುಡುಗಿ ಅತ್ತಳು. ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟಳು. ಐದು ದಿನ ಗಿಡಕ್ಕೆ ನೀರಿಲ್ಲ. ಗಿಡ ಇನ್ನಷ್ಟು ಬಾಡಿತು. "ನೋಡು, ನಾ ಹೇಳಲಿಲ್ಲೇನು?" ಎಂಬ ಮಾತು ಗಟ್ಟಿಯಾಯಿತು.

ಆ ಮನೆಯ ಗೋಡೆಯ ಮೇಲೆ ಬುದ್ಧರ, ಬಾಬಾಸಾಹೇಬರ ಭಾವಚಿತ್ರಗಳಿವೆ. ಹುಣ್ಣಿಮೆಗೆ ತ್ರಿಸರಣ, ಪಂಚಶೀಲ ತಪ್ಪುವುದಿಲ್ಲ. ಇಪ್ಪತ್ತೆರಡು ಪ್ರತಿಜ್ಞೆಗಳು ಆಯಿಗೂ ಬಾಯಿಪಾಠ. ಆದರೂ ಮೈಲಿಗೆ ಪಡಸಾಲೆಯಿಂದ ಹೊರಬಿದ್ದು ಹಿತ್ತಲಲ್ಲಿ ಮನೆ ಮಾಡಿತ್ತು. ಇದು ಆ ಒಂದು ಮನೆಯ ಮಾತಲ್ಲ.

ಭಾನುವಾರದ ಸಭೆಯಲ್ಲಿ ವಿಷಯ ಬಂದಾಗ ನಾವು ಹೇಳಿದ್ದು ಒಂದೇ: ಎಲೆ ತಿರುಗಿಸಿ ನೋಡಿ. ಹುಡುಗಿ ಅಮ್ಮನ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದಳು. ಎಲೆಯ ಕೆಳಗೆ ಕೂದಲಿನಷ್ಟು ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಥ್ರಿಪ್ಸ್ ಹುಳು ರಸ ಹೀರಿದರೆ ಮೆಣಸಿನ ಎಲೆ ಮೇಲ್ಮುಖವಾಗಿ ಮುದುಡುತ್ತದೆ, ಮೈಟ್ ನುಸಿಯಾದರೆ ಕೆಳಮುಖವಾಗಿ. ಇವಳ ಗಿಡದಲ್ಲಿ ಎಲೆಗಳು ದೋಣಿಯ ಹಾಗೆ ಮೇಲಕ್ಕೆ ಮುದುಡಿದ್ದವು. "ಆಯೀ, ಬಾ ಇಲ್ಲಿ, ಹುಳಾ ಅದಾವ ನೋಡು" ಎಂದು ಕರೆದು ತೋರಿಸಿದಳು. ಆಯಿ ಬಹಳ ಹೊತ್ತು ನೋಡಿದರಂತೆ. ಆಮೇಲೆ ಹೇಳಿದ ಮಾತು ಇಷ್ಟೇ: "ಹಂಗಾರ ನಾ ಸಣ್ಣಾಕಿ ಇದ್ದಾಗ ನನಗೂ ಸುಳ್ಳs ಹೇಳಿದ್ರಲ್ಲವಾ."

ಈ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಆಯಿ ಮೊಮ್ಮಗಳಿಗೆ ಕೊಟ್ಟದ್ದು ತಮ್ಮ ಕೈಗೆ ಬಂದದ್ದನ್ನೇ. ಅವರಿಗೂ ಯಾರೂ ಎಲೆ ತಿರುಗಿಸಿ ತೋರಿಸಿರಲಿಲ್ಲ.

ಕನ್ನಡದ ಒಂದು ಪದ ಗಮನಿಸಿ: "ಹೊರಗೆ". ತಿಂಗಳ ದಿನಗಳಲ್ಲಿ ಹೆಣ್ಣುಮಗಳು "ಹೊರಗೆ". ನಮ್ಮ ಹಿರಿಯರ ಕೇರಿ ಊರ "ಹೊರಗೆ". ಎರಡೂ ಕಡೆ ಹೇಳಿದ ಕಾರಣ ಒಂದೇ, ಮುಟ್ಟಿದರೆ ಕೆಡುತ್ತದೆ. ಊರ ಹೊರಗಿಟ್ಟದ್ದನ್ನು ಸುಳ್ಳು ಎಂದು ಎದ್ದು ನಿಂತ ನಾವು, ಮನೆಯ ಹೊರಗಿಡುವುದನ್ನು ನಿಜ ಎಂದು ಒಪ್ಪಬಹುದೆ?

1927ರ ಮಾರ್ಚ್ 20ನ್ನು ನೆನೆಯಿರಿ. ಅದೂ ಇದೇ ಬೇಸಿಗೆಯ ಆರಂಭ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಸಾರ್ವಜನಿಕ ಕೆರೆ, ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ಆ ಪ್ರಾಂತದ ಶಾಸನಸಭೆ 1923ರಲ್ಲೇ ಬೋಲೆಯವರ ಠರಾವನ್ನು ಒಪ್ಪಿತ್ತು. ಆದರೆ ಕಾಗದದ ಹಕ್ಕು ಕೊಡಕ್ಕೆ ಇಳಿದಿರಲಿಲ್ಲ. ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ ಕೆರೆಗೆ ನಡೆದು ಬೊಗಸೆ ನೀರು ಕುಡಿದರು. ಆಮೇಲೆ ಮೇಲ್ಜಾತಿಯವರು ನಮ್ಮವರ ಮೇಲೆ ಹಲ್ಲೆ ಮಾಡಿದರು, ಸಗಣಿ, ಗಂಜಲ, ಹಾಲು, ಮೊಸರು ತುಂಬಿದ ಕೊಡಗಳನ್ನು ಸುರಿದು ಕೆರೆಯನ್ನು "ಶುದ್ಧಿ" ಮಾಡಿದರು. ನೀರಿನಲ್ಲಿ ಏನಿದೆ ಎಂದು ಯಾರೂ ನೋಡಲಿಲ್ಲ. ಯಾರು ಮುಟ್ಟಿದರು ಎಂದಷ್ಟೇ ನೋಡಿದರು. ಮೆಣಸಿನ ಗಿಡದ ಎಲೆ ನೋಡದೆ ಹುಡುಗಿಯ ಕೈ ನೋಡುವುದೂ ಅದೇ ಕಣ್ಣು.

ಹಾಗಾದರೆ ಹುಳುಗಳನ್ನು ಕೊಲ್ಲುವುದು ಮೊದಲ ಶೀಲಕ್ಕೆ ವಿರುದ್ಧವಲ್ಲವೆ ಎಂದು ಇಬ್ಬರು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆ ಬೇರೆ, ಅಗತ್ಯ ಬೇರೆ ಎಂದು ವಿಂಗಡಿಸುತ್ತಾರೆ. ಅಹಿಂಸೆ ಎಂದರೆ ಎಲ್ಲ ಜೀವಿಗಳ ಮೇಲಿನ ಪ್ರೀತಿ, ಕೊಲ್ಲುವ ಮನಸ್ಸೇ ಹುಟ್ಟದಂಥ ಸ್ಥಿತಿ. ಆದ್ದರಿಂದ ಮೊದಲು ಎಲೆಯ ಕೆಳಭಾಗಕ್ಕೆ ನೀರು ಚಿಮ್ಮಿಸಿ, ಕೆಟ್ಟ ಎಲೆ ತೆಗೆಯಿರಿ. ಸಾಲದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಜೇನ್ನೊಣ ಓಡಾಡುವ ಹೊತ್ತು ಬೇಡ. ಹೇನು ತಿನ್ನುವ ಗುಲಗಂಜಿ ಹುಳುವನ್ನು ಉಳಿಸಿ. ಕಂಡ ಹುಳಕ್ಕೆಲ್ಲ ವಿಷ ಹೊಡೆಯುವುದು ಪ್ರಜ್ಞೆಯೂ ಅಲ್ಲ, ಕರುಣೆಯೂ ಅಲ್ಲ.

ಇಷ್ಟು ಮಾಡಿದರೂ ಆ ಹುಡುಗಿಯ ಮೂವತ್ತು ಗಿಡಗಳಲ್ಲಿ ಚಿಗುರಿದ್ದು ಹನ್ನೊಂದು. ಉಳಿದವನ್ನು ಅವಳೇ ಕಿತ್ತು ಹಾಕಿದಳು. ಕಾರಣ ತಿಳಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ ಎಂದು ಧಮ್ಮ ಭರವಸೆ ಕೊಡುವುದಿಲ್ಲ. ಅಂಗುತ್ತರ ನಿಕಾಯದಲ್ಲಿ ಭಗವಾನರು ರೈತನ ಮೂರು ತುರ್ತು ಕೆಲಸಗಳ ಉಪಮೆ ಕೊಡುತ್ತಾರೆ. ಭೂಮಿ ಹದ ಮಾಡುವುದು, ಹೊತ್ತಿಗೆ ಬಿತ್ತುವುದು, ನೀರು ಹಾಯಿಸಿ ಬಿಡುವುದು. ಇಷ್ಟು ಅವನ ಕೈಯಲ್ಲಿದೆ. ಇವತ್ತೇ ಮೊಳೆ, ನಾಳೆಯೇ ಮಾಗು ಎಂದು ಬೆಳೆಗೆ ಅಪ್ಪಣೆ ಮಾಡುವ ಶಕ್ತಿ ಅವನಿಗಿಲ್ಲ. ಆದರೆ ಕೆಲಸ ತಪ್ಪದಿದ್ದರೆ ಮಾಗುವ ಕಾಲ ಬಂದೇ ಬರುತ್ತದೆ. ಶೀಲ, ಚಿತ್ತ, ಪ್ರಜ್ಞೆಗಳ ಸಾಧನೆಯೂ ಹಾಗೆಯೇ. ಮಹಾಡಿನ ಕೆರೆಯ ವ್ಯಾಜ್ಯ ಮುಂಬೈ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಮಾನವಾದದ್ದು 1937ರ ಮಾರ್ಚ್‌ನಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ. ಬಾಬಾಸಾಹೇಬರು ಅಷ್ಟೂ ವರ್ಷ ನೀರುಣಿಸುವುದನ್ನು ನಿಲ್ಲಿಸಲಿಲ್ಲ.

ನಮ್ಮ ಐಹೊಳೆಯ ಮೇಗುತಿ ಗುಡ್ಡದಲ್ಲಿ 6ನೇ ಶತಮಾನದ ಎರಡು ಅಂತಸ್ತಿನ ಬೌದ್ಧ ಚೈತ್ಯ ಇಂದಿಗೂ ನಿಂತಿದೆ. ಧಮ್ಮ ಈ ನೆಲಕ್ಕೆ ಹೊಸ ಬೀಜವಲ್ಲ. ನಡುವೆ ನೂರಾರು ವರ್ಷ ನೀರು ತಪ್ಪಿತ್ತು. ಈಗ ಕೊಡ ನಮ್ಮ ಕೈಯಲ್ಲಿದೆ. ದೀಕ್ಷೆ ಪಡೆದ ದಿನವೇ ಮನೆಯ ಹಳೇ ಕಸವೆಲ್ಲ ತಾನಾಗಿ ಹೋಗುವುದಿಲ್ಲ. ದಿನಕ್ಕೊಂದು ಎಲೆ ತಿರುಗಿಸಿ ನೋಡಬೇಕು.

*ಈ ವಾರದ ಅಭ್ಯಾಸ*

1. ಬಿಸಿಲೇರುವ ಮೊದಲು ಒಂದು ಬಾಡಿದ ಗಿಡದ ಎಲೆಯ ಕೆಳಭಾಗ, ಬುಡದ ಮಣ್ಣು ಎರಡನ್ನೂ ಮಕ್ಕಳ ಜೊತೆ ಕೂತು ನೋಡಿ. ಕಂಡ ಕಾರಣವನ್ನು ಬರೆದಿಡಿ.

2. ಮನೆಯಲ್ಲಿ "ಹಣೆಬರಹ", "ಕಣ್ಣು", "ಕಾಲ್ಗುಣ" ಎಂಬ ಮಾತು ಬಂದಾಗ ಸಿಟ್ಟಾಗಬೇಡಿ. "ಕಾರಣ ಏನಿರಬಹುದು?" ಎಂದಷ್ಟೇ ಕೇಳಿ. ಹಿರಿಯರಿಗೂ ಯಾರೋ ಸುಳ್ಳು ಹೇಳಿದ್ದರು ಎಂಬುದು ನೆನಪಿರಲಿ.

3. ನಿಮ್ಮ ಮನೆಯಲ್ಲಿ ಯಾರಿಗಾದರೂ "ಗಿಡ ಮುಟ್ಟಬೇಡ" ಎಂದು ಹೇಳಿದ್ದರೆ, ನಾಳೆ ಮೊದಲ ಕೊಡ ನೀರು ಅವಳ ಕೈಯಿಂದಲೇ ಹಾಕಿಸಿ. ಯಾವ ದಿನ ಎಂದು ಲೆಕ್ಕ ಹಾಕಬೇಡಿ.

ಬಾದಾಮಿಯ ಹನ್ನೊಂದು ಗಿಡಗಳಲ್ಲಿ ಈಗ ಹೂ ಕಂಡಿವೆ ಎಂದು ನಿನ್ನೆ ಆಯಿಯೇ ಧ್ವನಿ ಸಂದೇಶ ಕಳಿಸಿದ್ದಾರೆ. ಮೊದಲ ಮೆಣಸಿನಕಾಯಿಯ ಖಾರ ಬಳಗಕ್ಕೆ ಕಳಿಸುವುದಾಗಿಯೂ ಮಾತು ಕೊಟ್ಟಿದ್ದಾರೆ.

ಎಲ್ಲರಿಗೂ ಮಂಗಳವಾಗಲಿ.

ಜೈ ಭೀಮ್. ನಮೋ ಬುದ್ಧಾಯ.