ಮೂರು ವರ್ಷಗಳ ನಷ್ಟ ಯಾರ ಪಾಲಿಗೆ?



ಬೆಳಗಿನ ಉಪಾಹಾರದ ಹೊತ್ತಿಗೆ ಅನೇಕ ಮನೆಗಳ ಮೇಜಿನ ಮೇಲೆ ಜಾಮ್ ಬಾಟಲಿಯೊಂದು ಇರುತ್ತದೆ. ಮಕ್ಕಳು ಅದನ್ನು ಬ್ರೆಡ್ಡಿಗೋ ಚಪಾತಿಗೋ ಸವರಿಕೊಂಡು ಶಾಲೆಗೆ ಓಡುತ್ತಾರೆ. ಇಷ್ಟು ಸಣ್ಣ ಪದಾರ್ಥದಲ್ಲಿ ನ್ಯಾಯ ಅನ್ಯಾಯಗಳ ಪ್ರಶ್ನೆ ಅಡಗಿರಬಹುದೆಂದು ನಮಗೆ ತೋರುವುದಿಲ್ಲ. ರುಚಿ ಹೇಗಿದೆ, ಬೆಲೆ ಎಷ್ಟು ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ಆದರೆ ಸಣ್ಣ ಹಿಡುವಳಿಯ ಕುಟುಂಬವೊಂದು ರಾಸಾಯನಿಕ ಗೊಬ್ಬರವನ್ನೂ ವಿಷದ ಸಿಂಪಡಣೆಯನ್ನೂ ಬಿಟ್ಟು ಹಣ್ಣು ಬೆಳೆದು, ತನ್ನೂರಿನಲ್ಲೇ ಜಾಮ್ ತಯಾರಿಸಿ ನಗರಕ್ಕೆ ತಂದಾಗ, ಅದರ ಬೆಲೆ ಸಾಮಾನ್ಯ ಜಾಮ್‌ಗಿಂತ ಹೆಚ್ಚಾಗಿರುತ್ತದೆ. ಆ ಹೆಚ್ಚುವರಿ ಹಣವನ್ನು ನಾವು ಯಾವ ಭಾವದಿಂದ ಕೊಡುತ್ತೇವೆ? ಅದು ರೈತನಿಗೆ ನಾವು ತೋರುವ ಔದಾರ್ಯವೇ? ನಮ್ಮ ಆರೋಗ್ಯಕ್ಕಾಗಿ ಮಾಡುವ ಖರ್ಚೇ? ಅಥವಾ ನಾವು ತೀರಿಸಬೇಕಾದ ಋಣವೇ?

ಸುಬ್ರಹ್ಮಣ್ಯಪುರದಲ್ಲಿ ವಾಸಿಸುವವರಿಗೆ ಈ ಪ್ರಶ್ನೆ ದೂರದ್ದೇನಲ್ಲ. ಉತ್ತರಹಳ್ಳಿಯ ಮಗ್ಗುಲಿನ ಈ ಊರಿಗೆ ತನ್ನ ಹೆಸರಿನ ಕೆರೆಯಿದೆ. ತುರಹಳ್ಳಿಯ ಕಾಡು ಬಹಳ ದೂರವಿಲ್ಲ. ಉಳಿದಂತೆ, ಒಂದು ಕಾಲದ ಹೊಲಗದ್ದೆಗಳ ನೆಲದ ಮೇಲೆ ಇಂದು ನಮ್ಮ ಮನೆಗಳು ನಿಂತಿವೆ. ತೋಟಗಳು ನಮ್ಮಿಂದ ಹಿಂದಕ್ಕೆ ಸರಿದಿವೆ. ಕನಕಪುರ ರಸ್ತೆಯನ್ನು ಹಿಡಿದು ಹೋದರೆ, ರಾಮನಗರ ಜಿಲ್ಲೆಯೆಂದು ನಾವು ಕರೆಯುತ್ತಿದ್ದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಜಿಲ್ಲೆಯ ಮಾವಿನ ತೋಪುಗಳು ಸಿಗುತ್ತವೆ. ನಗರದ ಉತ್ತರಕ್ಕೆ ತೂಬಗೆರೆಯ ಹಲಸು, ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಇವೆ. ನಗರ ಬೆಳೆದಂತೆ ಈ ಭೂಮಿಯನ್ನು ನಿವೇಶನಗಳಾಗಿ ಮಾರಿದರೆ ಬರುವ ಹಣ, ಅದರಲ್ಲಿ ಹಣ್ಣು ಬೆಳೆದು ಜೀವಮಾನವಿಡೀ ಗಳಿಸುವುದಕ್ಕಿಂತ ಹೆಚ್ಚಾಗಬಹುದು. ಹಾಗಿದ್ದೂ ಮಾರದೆ ಬೇಸಾಯ ಮಾಡುವ ಕುಟುಂಬ ಒಂದು ತ್ಯಾಗವನ್ನು ಆಗಲೇ ಮಾಡಿದೆ ಎಂಬುದನ್ನು ಮೊದಲು ನೆನೆಯೋಣ.

ಇನ್ನು ಹಣ್ಣಿನ ಸ್ವಭಾವವನ್ನು ಗಮನಿಸಿರಿ. ರಾಗಿಯನ್ನು ಕಣಜದಲ್ಲಿ ವರ್ಷಗಟ್ಟಲೆ ಇಡಬಹುದು. ಹಣ್ಣು ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಂದು ಸಂಜೆಯ ಬಿರುಗಾಳಿ ಮತ್ತು ಆಲಿಕಲ್ಲು ಮಳೆ ಸಾಕು, ವರ್ಷದ ಬೆಳೆ ನೆಲಕ್ಕೆ ಬೀಳುತ್ತದೆ. ಮರದಲ್ಲಿ ಉಳಿದದ್ದರ ಮೇಲೂ ಕಲೆ ಮೂಡುತ್ತದೆ. ಒಳಗಿನ ತಿರುಳು ಚೆನ್ನಾಗಿದ್ದರೂ ಮಂಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಏಕೆಂದರೆ ಅಲ್ಲಿ ಹಣ್ಣನ್ನು ಅಳೆಯುವುದು ಕಣ್ಣು, ನಾಲಿಗೆಯಲ್ಲ. ಹೀಗೆ ತಿರಸ್ಕೃತವಾದ ಹಣ್ಣನ್ನು ಉಳಿಸುವ ವಿದ್ಯೆ ನಮ್ಮ ಹಿರಿಯರಿಗೂ ಗೊತ್ತಿತ್ತು. ಕರಾವಳಿಯ ಮನೆಗಳಲ್ಲಿ ಮಾವಿನ ರಸವನ್ನು ಚಾಪೆಯ ಮೇಲೆ ಪದರಪದರವಾಗಿ ಒಣಗಿಸಿ ಮಾಂಬಳ ಮಾಡುತ್ತಾರೆ. ಜಾಮ್ ಅದೇ ಉದ್ದೇಶದ ಇನ್ನೊಂದು ದಾರಿ. ಹಣ್ಣಿನಲ್ಲಿರುವ ಪೆಕ್ಟಿನ್, ನಿಂಬೆಯ ಹುಳಿ ಮತ್ತು ಸಕ್ಕರೆ ಕುದಿಯುವಾಗ ಒಂದಾಗಿ ಗಟ್ಟಿಯಾಗುತ್ತವೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಡಿಸುವ ಜೀವಾಣುಗಳು ಸುಲಭವಾಗಿ ಬೆಳೆಯಲಾರವು. ಸೀಬೆಯಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಪೂರ್ತಿ ಮಾಗಿದ ಹಣ್ಣಿಗಿಂತ ತುಸು ಬಲಿತ ಕಾಯಿಯಲ್ಲಿ ಅದು ಇನ್ನೂ ಹೆಚ್ಚು. ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿದಾಗ, ಅದರ ಹೆಸರಿನಲ್ಲಿ ಮಾರಾಟದ ಜೊತೆಗೆ ಸಂಸ್ಕರಣೆಯೂ ಸೇರಿತ್ತು. ಕೆಡುವ ಹಣ್ಣನ್ನು ಬೆಳೆಯುವವನು ಒಂಟಿಯಾಗಿ ಬದುಕಲಾರ ಎಂಬ ಅರಿವು ಆ ಹೆಸರಿನಲ್ಲೇ ಇದೆ. ಆ ಸಂಘವೇ ಮುಂದೆ ನಾವೆಲ್ಲ ಬಲ್ಲ ಹಾಪ್‌ಕಾಮ್ಸ್ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಲ್ಲಿ ಆರಂಭವಾಯಿತು. ಕರ್ನಾಟಕ ಸರ್ಕಾರ 2004ರಲ್ಲಿ ತನ್ನ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ರಾಸಾಯನಿಕ ಬಳಸುತ್ತಿದ್ದ ತೋಟ ಸಾವಯವವೆಂದು ಪ್ರಮಾಣಪತ್ರ ಪಡೆಯಬೇಕಾದರೆ ಹಣ್ಣಿನ ಮರಗಳಂಥ ಬಹುವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಪರಿವರ್ತನಾ ಅವಧಿ ಬೇಕು. ಈ ಅವಧಿಯಲ್ಲಿ ಗೊಬ್ಬರದ ಚೀಲವನ್ನು ಬಿಟ್ಟ ಮಣ್ಣು ಇನ್ನೂ ಚೇತರಿಸಿಕೊಂಡಿರುವುದಿಲ್ಲ; ಇಳುವರಿ ಕುಗ್ಗಬಹುದು. ಜಿಗಿಹುಳು, ಹಣ್ಣುನೊಣಗಳ ಕಾಟವನ್ನು ಬೇವಿನೆಣ್ಣೆ, ಮೋಹಕ ಬಲೆಗಳಿಂದ ತಡೆಯುವ ಕೆಲಸ ಹೆಚ್ಚು. ಆದರೆ ಪೂರ್ಣ ಸಾವಯವವೆಂಬ ಮುದ್ರೆ ಇನ್ನೂ ಇಲ್ಲದ ಕಾರಣ ಅದರ ಬೆಲೆಯೂ ಇಲ್ಲ. ದುಡಿಮೆ ಹೆಚ್ಚು, ಫಲ ಕಡಿಮೆ, ಮನ್ನಣೆ ಶೂನ್ಯ. ಈ ಮೂರು ವರ್ಷಗಳ ನಷ್ಟ ಯಾರ ಪಾಲಿಗೆ?

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲೂ ಇಂಥದೊಂದು ಅವಧಿಯ ಮಾತು ಬರುತ್ತದೆ. ನೆಟ್ಟ ಹಣ್ಣಿನ ಮರದ ಫಲವನ್ನು ಮೊದಲ ಮೂರು ವರ್ಷ ತಿನ್ನಬಾರದು. ನಾಲ್ಕನೆಯ ವರ್ಷದ್ದು ದೇವರಿಗೆ ಮೀಸಲು. ಐದನೆಯ ವರ್ಷದ್ದು ಮನುಷ್ಯನಿಗೆ. ಅಲ್ಲಿನ ಉದ್ದೇಶ ಬೇರೆ ಇರಬಹುದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿರಿ. ಅಲ್ಲಿ ಕಾಯುವ ಕಟ್ಟಳೆ ಇಡೀ ಜನಾಂಗಕ್ಕೆ. ನಮ್ಮ ಮಾರುಕಟ್ಟೆಯಲ್ಲಿ ಕಾಯುವವನು ಒಬ್ಬನೇ; ಉಳಿದವರು ಮುದ್ರೆ ಬಿದ್ದ ಮೇಲೆ ಕೊಳ್ಳಲು ಬರುತ್ತಾರೆ. ಶುದ್ಧವಾದ ಮಣ್ಣು, ಶುದ್ಧವಾದ ಅಂತರ್ಜಲ ಸುತ್ತಲಿನವರೆಲ್ಲರಿಗೂ ಒದಗುತ್ತವೆ. ಎಲ್ಲರಿಗೂ ಒಳಿತಾಗುವ ಕಾರ್ಯದ ಹೊರೆಯನ್ನು ಒಬ್ಬನ ತಲೆಗೆ ಕಟ್ಟುವುದು ನ್ಯಾಯವೇ? ಹಾಗೆ ನೋಡಿದರೆ, ನಾವು ಹೆಚ್ಚಾಗಿ ಕೊಡುವ ಹಣ ದಾನವಲ್ಲ. ಆತ ನಮ್ಮ ಪರವಾಗಿ ಹೊತ್ತ ಹೊರೆಯಲ್ಲಿ ನಮ್ಮ ಪಾಲು.

ಇಲ್ಲಿ ಕೆಲವು ಆಕ್ಷೇಪಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಜಾಮ್ ಆರೋಗ್ಯದ ಆಹಾರವೆಂದು ನಂಬಿ ಕೊಳ್ಳುವುದಾದರೆ ನಾವು ನಮ್ಮನ್ನೇ ವಂಚಿಸಿಕೊಳ್ಳುತ್ತೇವೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಹೆಚ್ಚಿನ ಹಣ್ಣುಗಳ ಜಾಮ್‌ನಲ್ಲಿ ಹಣ್ಣು ಕನಿಷ್ಠ ಶೇ. 45ರಷ್ಟು ಇರಬೇಕು, ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು. ಹಣ್ಣಿನಿಂದ ಬರುವ ಘನಾಂಶ ಸ್ವಲ್ಪವೇ ಆದ್ದರಿಂದ, ಉಳಿದದ್ದು ಸಕ್ಕರೆ. ಬಾಟಲಿಯಲ್ಲಿ ಮಾವಿನ ತೋಪು ಮಾತ್ರವಲ್ಲ, ಎಲ್ಲೋ ಒಂದು ಕಬ್ಬಿನ ಗದ್ದೆಯೂ ಇದೆ. ಅಲ್ಲಿ ಕಬ್ಬು ಕಡಿದವರ ಕೂಲಿಯ ಬಗೆಗೆ ಹಸಿರು ಮುದ್ರೆ ನಮಗೇನನ್ನೂ ತಿಳಿಸುವುದಿಲ್ಲ. ಮುದ್ರೆಯನ್ನು ಕಂಡೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು.

ಕುಟುಂಬದ ತೋಟವೆಂಬ ಮಾತಿನ ಹಿಂದೆಯೂ ಒಂದು ಮೌನವಿದೆ. ಹಣ್ಣು ಹೆಚ್ಚಿ, ಬೀಜ ತೆಗೆದು, ಬಿಸಿಯ ಮುಂದೆ ನಿಂತು ಗಂಟೆಗಟ್ಟಲೆ ಕೈಯಾಡಿಸುವವರು ಹೆಚ್ಚಾಗಿ ಮನೆಯ ಹೆಂಗಸರು. ಆ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಕೂಲಿಯೆಂಬ ಸಾಲೇ ಇರುವುದಿಲ್ಲ. ಜಾಮ್ ಕಡಿಮೆ ಬೆಲೆಗೆ ಸಿಕ್ಕಿತೆಂದು ನಾವು ಸಂತೋಷಪಡುವಾಗ, ಅದು ಒಬ್ಬ ತಾಯಿಯ ಕೂಲಿಯನ್ನು ಬಿಟ್ಟು ಹಾಕಿದ ಬೆಲೆಯಾಗಿರಬಹುದು. ಚೌಕಾಸಿ ಮಾಡುವ ಮುನ್ನ ಇದನ್ನು ಯೋಚಿಸಿರಿ.

ಹಾಗಾದರೆ ತಿಂಗಳ ಸಂಬಳ ತಿಂಗಳಿಗೇ ಸಾಲದ ಮನೆಯವರು ಏನು ಮಾಡಬೇಕು? ಮಕ್ಕಳಿಗೆ ಅಗ್ಗದ ಬಾಟಲಿ ತರುವ ತಾಯಿಯನ್ನು ಯಾರೂ ನಿಂದಿಸಬಾರದು. ಇಲ್ಲದವರಿಂದ ಹಣದ ನ್ಯಾಯವನ್ನು ಕೇಳುವುದೇ ಅನ್ಯಾಯ. ಆದರೆ ಹಣವೊಂದೇ ಕೊಡಬಹುದಾದದ್ದಲ್ಲ. ಗಾಳಿಗೆ ಉದುರಿದ, ಕಲೆಬಿದ್ದ ಹಣ್ಣನ್ನು ನಾಲ್ಕು ಮನೆಯವರು ಸೇರಿ ರೈತನಿಂದಲೇ ತೂಕದ ಲೆಕ್ಕದಲ್ಲಿ ಕೊಂಡು ಮನೆಯಲ್ಲೇ ಜಾಮ್ ಮಾಡಿಕೊಂಡರೆ ಇಬ್ಬರಿಗೂ ಲಾಭ. ಖಾಲಿ ಬಾಟಲಿಗಳನ್ನು ತೊಳೆದು ಹಿಂದಿರುಗಿಸುವುದೂ ಒಂದು ನೆರವೇ.

ಉಳ್ಳವರಿಂದ ಅಪೇಕ್ಷಿತವಾದದ್ದು ಮುಖ್ಯವಾಗಿ ಸ್ಥಿರತೆ. ಕಸಿ ಮಾವು ಸರಿಯಾಗಿ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಬಾದಾಮಿಯಂಥ ತಳಿ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುವುದುಂಟು. ಮರದ ಕಾಲಮಾನ ಹೀಗಿರುವಾಗ, ಒಮ್ಮೆ ಉತ್ಸಾಹದಿಂದ ಹತ್ತು ಬಾಟಲಿ ಕೊಂಡು ಮುಂದಿನ ಋತುವಿನಲ್ಲಿ ಮರೆತುಬಿಡುವ ಗಿರಾಕಿಯಿಂದ ರೈತನಿಗೆ ಪ್ರಯೋಜನವಿಲ್ಲ. ಬೆಳೆ ತುಂಬಿದ ವರ್ಷವೂ ಸೋತ ವರ್ಷವೂ ಅದೇ ಮನೆಗೆ ಬರುವವರು, ಸಾಧ್ಯವಾದರೆ ಋತುವಿಗೆ ಮುಂಚೆಯೇ ಒಂದಿಷ್ಟು ಹಣ ಕೊಡುವವರು, ಪರಿವರ್ತನೆಯ ಮೂರು ವರ್ಷಗಳಲ್ಲಿ ಮುದ್ರೆಯಿಲ್ಲದ ಹಣ್ಣನ್ನೂ ಕೊಳ್ಳುವವರು ಬೇಕು. ಮುದ್ರೆಯಿಲ್ಲದಿದ್ದರೆ ನಂಬುವುದು ಹೇಗೆಂದು ನೀವು ಕೇಳಬಹುದು. ತೋಟಕ್ಕೆ ಹೋಗಿ ನೋಡಿರಿ, ನೆರೆಯವರನ್ನು ವಿಚಾರಿಸಿರಿ. ಪಿ.ಜಿ.ಎಸ್. ಎಂಬ ಸಹಭಾಗಿತ್ವದ ಖಾತರಿ ವ್ಯವಸ್ಥೆಯಲ್ಲಿ ಕನಿಷ್ಠ ಐದು ಮಂದಿ ರೈತರು ಗುಂಪಾಗಿ ಒಬ್ಬರ ತೋಟವನ್ನು ಒಬ್ಬರು ಪರಿಶೀಲಿಸುತ್ತಾರೆ. ಅಲ್ಲಿ ನೆರೆಯವನ ಸಾಕ್ಷಿಯೇ ಪ್ರಮಾಣ.

ದೊಡ್ಡಬಳ್ಳಾಪುರದ ಬಳಿ ಕೆಲವೇ ಎಕರೆಗಳಲ್ಲಿ ಸಾವಯವ ಬೇಸಾಯ ನಡೆಸಿ, 2019ರಲ್ಲಿ ನಿಧನರಾದ ಎಲ್. ನಾರಾಯಣ ರೆಡ್ಡಿಯವರು ಸಣ್ಣ ಹಿಡುವಳಿಯೂ ಒಂದು ಕುಟುಂಬವನ್ನು ಗೌರವದಿಂದ ಪೊರೆಯಬಲ್ಲದೆಂದು ಬಾಳಿ ತೋರಿಸಿದರು. ಅಂಥ ಬಾಳ್ವೆ ಒಬ್ಬಿಬ್ಬರ ಸಾಹಸವಾಗಿ ಉಳಿಯದೆ ಸಾಮಾನ್ಯ ರೈತನಿಗೂ ಸಾಧ್ಯವಾಗಬೇಕಾದರೆ ಕೊಳ್ಳುವವರ ಪಾತ್ರವೂ ಇದೆ. ಮುಂದಿನ ಬೇಸಿಗೆಯಲ್ಲಿ ಮಾವಿನ ಸುಗ್ಗಿ ಬರುವ ಮುನ್ನ ನಿಮ್ಮ ಮನೆಯವರೊಡನೆ ಕುಳಿತು ಒಂದು ನಿರ್ಧಾರ ಮಾಡಿರಿ: ನಾವು ಯಾವ ಒಂದು ತೋಟದವರ ಜೊತೆ ಮೂರು ವರ್ಷ ನಿಲ್ಲಬಲ್ಲೆವು? ದೊಡ್ಡ ಮೊತ್ತ ಬೇಕಿಲ್ಲ. ವರ್ಷಕ್ಕೆ ನಾಲ್ಕು ಬಾಟಲಿಯಾದರೂ ಸರಿಯೇ, ಆದರೆ ಮೂರು ವರ್ಷವೂ ಕೊಳ್ಳಿರಿ.