ಓದಲು ಬರುವುದಿಲ್ಲ ಎನ್ನಬೇಡಿ

ಭಾನುವಾರದ ಬಲಿಪೂಜೆಗೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಫಾದರ್ ಬಂದು “ಇವತ್ತಿನ ವಾಚನ ಯಾರು ಓದ್ತೀರಿ?” ಎಂದು ಕೇಳುತ್ತಾರೆ. ಬೆಂಚುಗಳಲ್ಲಿ ಕೂತವರ ತಲೆ ತಗ್ಗುತ್ತದೆ. ನೇರವಾಗಿ ಒಬ್ಬರನ್ನು ಕೇಳಿದರೆ, “ನನಗ ಓದ್ಲಾಕ ಬರಲ್ರಿ ಫಾದರ್, ಬ್ಯಾರೆಯವ್ರಿಗಿ ಹೇಳ್ರಿ” ಎಂಬ ಉತ್ತರ ಬರುತ್ತದೆ. ಕೊನೆಗೆ ಪ್ರತಿ ವಾರ ಓದುವವರೇ ಎದ್ದು ಹೋಗುತ್ತಾರೆ. ಈ ಹಿಂಜರಿಕೆಯಲ್ಲಿ ವಿನಯವಿದೆ, ನಿಜ. ಆದರೆ ವಾಚನ ಓದುವುದೆಂದರೆ ಫಾದರ್ ಮಾಡಬೇಕಾದ ಕೆಲಸದಲ್ಲಿ ನಾವು ಒಂದಿಷ್ಟು ಕೈಜೋಡಿಸುವುದು ಎಂಬ ತಪ್ಪು ತಿಳಿವಳಿಕೆಯೂ ಅದರ ಜೊತೆಗಿದೆ. ನನ್ನ ತಕರಾರು ಇರುವುದು ಅದರ ಬಗ್ಗೆ.

ಆ ಕೆಲಸ ಫಾದರ್ ಅವರದ್ದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಶಾಸನದಲ್ಲಿ, ಪೀಠದ ಬಳಿ ಸೇವೆ ಮಾಡುವವರು, ವಾಚಕರು, ಗಾನವೃಂದದವರು ಇವರೆಲ್ಲ ಮಾಡುವುದು ನಿಜವಾದ ಆರಾಧನಾ ಸೇವೆಯೇ ಎಂದು ಬರೆದಿದೆ. ಅಲ್ಲಿಯವರೆಗೆ ಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಪೀಠದ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರೆ ಹಿಂದೆ ಜನ ಜಪಸರ ಹಿಡಿದು ತಮ್ಮ ಪ್ರಾರ್ಥನೆ ತಾವು ಮಾಡಿಕೊಳ್ಳುತ್ತಿದ್ದರು. ಈಗಿನ ನಿಯಮದ ಪ್ರಕಾರ ಶುಭಸಂದೇಶವನ್ನು ಗುರುಗಳೋ ಉಪಯಾಜಕರೋ ಓದಬೇಕು. ಅದಕ್ಕೆ ಮೊದಲಿನ ವಾಚನಗಳು ವಾಚಕರಿಗೆ ಸೇರಿದ್ದು. ಓದುವವರು ಯಾರೂ ಇಲ್ಲದಿದ್ದರೆ ಮಾತ್ರ ಗುರುಗಳು ಓದಬೇಕು. ಕಲಬುರಗಿ ಸೀಮೆಯವರಿಗೆ ಇದು ಅರ್ಥವಾಗದ ಮಾತೇನಲ್ಲ. ಶರಣಬಸವೇಶ್ವರರ ದಾಸೋಹದ ನೆಲದಲ್ಲಿ ಪಂಕ್ತಿಯಲ್ಲಿ ಬಡಿಸಲು ನಿಂತವರನ್ನು ಯಾರೂ ಅಡುಗೆಯವರ ಸಹಾಯಕರು ಎನ್ನುವುದಿಲ್ಲ.

ನಮ್ಮ ಕಲಬುರಗಿ ಧರ್ಮಕ್ಷೇತ್ರ ಹುಟ್ಟಿದ್ದು 2005ರ ಜೂನ್ 24ರಂದು. ವಯಸ್ಸು ಚಿಕ್ಕದು, ಹರಹು ದೊಡ್ಡದು, ಕಥೋಲಿಕರು ಕಡಿಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಕಲ್ಲು, ಸಿಮೆಂಟು, ರೈಲು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲೇ ಎಸಿಸಿಯೊಳಗೆ ಸೇರಿತು. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಮುಂಬಯಿ-ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಕಡೆಗೆ ದಾರಿ ಕವಲೊಡೆಯುವುದೂ ವಾಡಿಯಲ್ಲೇ. ಇಂಥ ಊರುಗಳ ಚರ್ಚಿಗೆ ಬರುವವರಲ್ಲಿ ಮನೆಯಲ್ಲಿ ತೆಲುಗು, ತಮಿಳು, ಕೊಂಕಣಿ, ಮಲಯಾಳಂ ಆಡುವವರಿರುತ್ತಾರೆ. ಇಲ್ಲಿನ ಮಣ್ಣಲ್ಲೇ ಹುಟ್ಟಿ ಬೆಳೆದವರೂ ಇರುತ್ತಾರೆ. ವರ್ಗಾವಣೆ ಆದವರು ಹೋಗುತ್ತಾರೆ, ನಿವೃತ್ತರಾದವರು ಮಕ್ಕಳಿದ್ದ ಕಡೆ ಹೊರಡುತ್ತಾರೆ. ಹತ್ತು ವರ್ಷ ಚೆನ್ನಾಗಿ ಓದುತ್ತಿದ್ದವರು ಒಂದು ದಿನ ಊರು ಬಿಟ್ಟರೆ ಆ ಜಾಗ ಖಾಲಿ ಬೀಳುತ್ತದೆ. ಚಿಂಚೋಳಿಯಂಥ ದೂರದ ತಾಲ್ಲೂಕಿನಲ್ಲಿ ಬೆರಳೆಣಿಕೆಯ ಕುಟುಂಬಗಳು ಸೇರುವ ಕಡೆಯಂತೂ ಒಬ್ಬರು ಮುಂದೆ ಬಂದರೂ ಅದು ದೊಡ್ಡ ಬಲ.

ಓದುವ ಕೆಲಸ ಸುಲಭ ಎಂದು ನಾನು ಹೇಳುತ್ತಿಲ್ಲ. ನೆಬೂಕದ್ನೆಚ್ಚರ, ಥೆಸಲೋನಿಕ ಎಂಬ ಹೆಸರುಗಳು ನಾಲಿಗೆಗೆ ತೊಡರುತ್ತವೆ. ಸಂತ ಪೌಲರ ವಾಕ್ಯ ಒಂದು ಕಡೆ ಶುರುವಾಗಿ ಐದಾರು ಸಾಲು ದಾಟಿದ ಮೇಲೆ ಕ್ರಿಯಾಪದ ಕಾಣುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಮೊದಲೇ ನೋಡಿಕೊಳ್ಳದಿದ್ದರೆ ಓದುವವರಿಗೂ ತಿಳಿಯುವುದಿಲ್ಲ, ಕೇಳುವವರಿಗೂ ತಿಳಿಯುವುದಿಲ್ಲ. ನಾನು ಬಲ್ಲ ಒಬ್ಬ ಅಕ್ಕ ಶನಿವಾರ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಅಡುಗೆಮನೆಯಲ್ಲೇ ನಿಂತು ಜೋರಾಗಿ ಓದುತ್ತಾರೆ. ನಿಲ್ಲಿಸಬೇಕಾದ ಕಡೆ ಪೆನ್ಸಿಲ್ಲಿನಿಂದ ಸಣ್ಣ ಗೀಟು ಎಳೆದುಕೊಳ್ಳುತ್ತಾರೆ. ಶಾಲೆಗೆ ಹೋಗುವ ಮಗಳು ಎದುರು ಕೂತು ತಪ್ಪು ತಿದ್ದುತ್ತಾಳೆ. ಮನೆಮಾತು ತೆಲುಗು, ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ. ಭಾನುವಾರ ಅವರು ಓದಿದರೆ ಕೊನೆಯ ಬೆಂಚಿನವರಿಗೂ ಒಂದೊಂದು ಮಾತು ಮುಟ್ಟುತ್ತದೆ. ಇನ್ನೊಂದು ಮಾತು: ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದೊಡ್ಡವರಿಗಿಂತ ಸರ್ಕಾರಿ ಕನ್ನಡ ಶಾಲೆಯ ಎಂಟನೇ ತರಗತಿಯ ಮಕ್ಕಳು ಎಷ್ಟೋ ಚೆಂದ ಓದುತ್ತಾರೆ. ಅವರನ್ನು ಕೇಳುವವರೇ ಇಲ್ಲ.

ಆ ಕೊನೆಯ ಬೆಂಚಿನಲ್ಲಿ ಯಾರಿರುತ್ತಾರೆ ಎಂಬುದನ್ನೂ ನೆನಪಿಡಬೇಕು. ಕಲ್ಲಿನ ಗಣಿಯಲ್ಲಿ ಪರಸಿ ಒಡೆದು ಬದುಕಿದ ಹಿರಿಯರಲ್ಲಿ ಅಕ್ಷರ ಬಾರದವರಿದ್ದಾರೆ. ಮನೆಯಲ್ಲಿ ಬೈಬಲ್ ಇದ್ದರೂ ಅವರಿಗೆ ಅದು ಮುಚ್ಚಿದ ಪುಸ್ತಕ. ಯೆಶಾಯನ ಮಾತು, ಪೌಲರ ಪತ್ರ ಅವರ ಕಿವಿಗೆ ಬೀಳುವುದು ವಾರಕ್ಕೊಮ್ಮೆ, ಓದುವವರ ಬಾಯಿಂದ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಇವತ್ತು ಗಡಿಬಿಡಿಯಲ್ಲಿ ಓದಿ ಕೆಡಿಸಿದ ಭಾಗ ಭಾನುವಾರದ ಪೂಜೆಯಲ್ಲಿ ಮತ್ತೆ ಅವರಿಗೆ ಸಿಗಲು ಮೂರು ವರ್ಷ ಕಾಯಬೇಕು. ಎಪ್ಪತ್ತು ದಾಟಿದವರಿಗೆ ಮೂರು ವರ್ಷ ಸಣ್ಣ ಅವಧಿಯಲ್ಲ.

ಪವಿತ್ರ ವಾರ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರ ಯೇಸುವಿನ ಯಾತನೆಯ ಕಥನವನ್ನು ಹಂಚಿಕೊಂಡು ಓದುವ ರೂಢಿಯಿದೆ: ಯೇಸುವಿನ ಮಾತು ಗುರುಗಳಿಗೆ, ನಿರೂಪಣೆ ಒಬ್ಬರಿಗೆ, ಪೇತ್ರ ಪಿಲಾತರ ಮಾತು ಇನ್ನೊಬ್ಬರಿಗೆ. ಜನಸಮೂಹದ ಕೂಗನ್ನು ಸಭೆಯೇ ಕೂಗಬಹುದು. ಪಾಸ್ಖ ಜಾಗರಣೆಯ ರಾತ್ರಿಯಂತೂ ಸೃಷ್ಟಿಯ ಕಥೆಯಿಂದ ಮೊದಲಾಗಿ ಹಳೆಯ ಒಡಂಬಡಿಕೆಯದೇ ಏಳು ವಾಚನಗಳಿವೆ, ಆಮೇಲೆ ಪೌಲರ ಪತ್ರ. ಓದುವವರು ಸಾಲದೆ ಅವುಗಳನ್ನು ಮೂರಕ್ಕೆ ಇಳಿಸಿದಾಗ ನನಗೆ ಬೇಸರವಾಗುತ್ತದೆ. ಏಳು ಮನೆಗಳಿಂದ ಏಳು ಜನ ಎದ್ದು ಬಂದು ಓದುವುದನ್ನು ಒಮ್ಮೆ ಕೇಳಿದರೆ ಆ ರಾತ್ರಿಯ ಉದ್ದ ಯಾರಿಗೂ ಭಾರವಾಗದು.

ಓದುವುದೊಂದೇ ಅಲ್ಲ, ಪರಮಪ್ರಸಾದ ಹಂಚುವ ಸೇವೆಯನ್ನೂ ಶ್ರೀಸಾಮಾನ್ಯರಿಗೆ ವಹಿಸಬಹುದು ಎಂದು ರೋಮ್ 1973ರ ಜನವರಿಯಲ್ಲೇ ಅನುಮತಿ ಕೊಟ್ಟಿತು. ಹಾಸಿಗೆ ಹಿಡಿದ ಒಬ್ಬ ನಿವೃತ್ತ ಕಾರ್ಮಿಕರ ಮನೆಗೆ ನೆರೆಯವರೇ ಚಿಕ್ಕ ದುಂಡು ಡಬ್ಬಿಯಲ್ಲಿ ಪರಮಪ್ರಸಾದ ಒಯ್ದು ಕೊಟ್ಟರೆ, ಗುರುಗಳು ನಾಲ್ಕು ಊರು ಸುತ್ತಿ ಬರುವವರೆಗೆ ಆತ ಕಾಯಬೇಕಾಗಿಲ್ಲ. ಇದಕ್ಕೆ ತರಬೇತಿ ಬೇಕು, ಧರ್ಮಾಧ್ಯಕ್ಷರ ಅನುಮತಿ ಬೇಕು. ಎರಡೂ ಕೇಳಿದರೆ ಸಿಗುವಂಥವೇ. ಹೆಂಗಸರಿಗೆ ಅಡ್ಡಿಯಾಗಿದ್ದ ನಿಯಮಗಳೂ ಸಡಿಲಾಗಿವೆ. ಪೀಠಸೇವೆಗೆ ಹುಡುಗಿಯರನ್ನು ಸೇರಿಸಿಕೊಳ್ಳಬಹುದು ಎಂದು 1994ರಲ್ಲಿ ಸ್ಪಷ್ಟವಾಯಿತು. ಅನೇಕ ಚರ್ಚುಗಳಲ್ಲಿ ಎಷ್ಟೋ ವರ್ಷಗಳಿಂದ ಹೆಂಗಸರೇ ಓದುತ್ತಿದ್ದರೂ ವಾಚಕ ಪದವಿಯನ್ನು ವಿಧಿವತ್ತಾಗಿ ಪಡೆಯುವ ಹಕ್ಕು ಅವರಿಗೆ ಸಿಕ್ಕಿದ್ದು 2021ರ ಜನವರಿ 10ರಂದು, ಪೋಪ್ ಫ್ರಾನ್ಸಿಸ್ ಅವರ ಪತ್ರದಿಂದ.

ಗುರುಗಳೇ ಇಲ್ಲದ ಕಾಲದಲ್ಲಿ ಜನ ಏನು ಮಾಡಿದರು ಎಂಬುದಕ್ಕೆ ಜಪಾನಿನ ನಾಗಸಾಕಿ ಸೀಮೆ ಸಾಕ್ಷಿ. ಅಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿದ್ದು, ಗುರುಗಳು ಇಲ್ಲವಾದ ಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ರೈತರೂ ಮೀನುಗಾರರೂ ಗುಟ್ಟಾಗಿ ವಿಶ್ವಾಸ ಕಾಪಾಡಿದರು. ಒಬ್ಬರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು, ಇನ್ನೊಬ್ಬರು ಹಬ್ಬದ ದಿನಗಳ ಲೆಕ್ಕ ಇಡುತ್ತಿದ್ದರು. 1865ರ ಮಾರ್ಚ್‌ನಲ್ಲಿ ಅವರಲ್ಲಿ ಕೆಲವರು ಹೊಸದಾಗಿ ಕಟ್ಟಿದ ಔರಾ ಚರ್ಚಿಗೆ ಬಂದು ಫ್ರೆಂಚ್ ಗುರು ಪೆಟಿಜಾನ್ ಅವರಿಗೆ ತಮ್ಮ ಗುಟ್ಟು ಹೇಳಿದರು. ಅಷ್ಟು ತಲೆಮಾರು ಧರ್ಮ ಉಳಿದದ್ದು ಹೀಗೆ ಕೆಲಸ ಹಂಚಿಕೊಂಡದ್ದರಿಂದ.

ಮೈಕ್ ಮುಂದೆ ವರ್ಷಗಟ್ಟಲೆ ನಿಂತ ಹಿರಿಯರಲ್ಲಿಯೂ ನನ್ನದೊಂದು ವಿನಂತಿ. ನೀವು ಚೆನ್ನಾಗಿ ಓದುತ್ತೀರಿ, ಅದಕ್ಕೆ ಎಲ್ಲರೂ ಋಣಿ. ಇನ್ನು ಓದುವ ಬದಲು ಓದಿಸಿ. ಶನಿವಾರ ಸಂಜೆ ಅರ್ಧ ಗಂಟೆ ಚರ್ಚಿನಲ್ಲಿ ಕೂತು ಹೊಸಬರಿಗೆ ಹೆಸರುಗಳ ಉಚ್ಚಾರ, ಮೈಕಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಹೇಳಿಕೊಡಿ. ಪಾಳಿಯ ಕೆಲಸದವರಿಗೆ ರಜೆ ಯಾವ ಭಾನುವಾರ ಎಂದು ಕೇಳಿ ಪಟ್ಟಿ ಬರೆಯಿರಿ. ತಿಂಗಳ ಮೊದಲೇ ಬಾಗಿಲಿಗೆ ಅಂಟಿಸಿ. ಆಗಮನ ಕಾಲದ ಮೊದಲ ಭಾನುವಾರ ಆರಾಧನೆಯ ಹೊಸ ವರ್ಷ ಶುರುವಾಗುತ್ತದೆ, ವಾಚನಗಳ ಸುತ್ತೂ ಬದಲಾಗುತ್ತದೆ. ಅಂದಿನ ಮೊದಲ ವಾಚನವನ್ನು ಇದುವರೆಗೆ ಒಮ್ಮೆಯೂ ಓದದವರಿಗೆ ಕೊಡಿ.