ವ್ಯಸನದ ಅಳತೆ

ಶಾಲೆಯ ಮಕ್ಕಳಲ್ಲಿ ಮೊಬೈಲಿನ ವ್ಯಸನವು ಎಷ್ಟಿದೆಯೆಂದು ಅಳೆಯುವುದಕ್ಕೆ ಈಗ ಪ್ರಶ್ನಾವಳಿಗಳುಂಟು. ಅಳೆಯುವವರ ಉದ್ದೇಶವು ಒಳ್ಳೆಯದೇ. ಆದರೆ ಅಳೆಯಲ್ಪಡುವ ವಸ್ತುವು ಯಾವುದು, ಬಂದ ಅಂಕಿಯು ಯಾರ ಕೈಸೇರತಕ್ಕದ್ದು ಎಂಬುದನ್ನು ಮೊದಲು ವಿಚಾರಿಸಬೇಕು.

ಗಂಟೆಗಳ ಎಣಿಕೆಯೇ ಸಾಕೆಂದು ಮನೆಗಳಲ್ಲಿ ಭಾವಿಸುವುದುಂಟು. ವ್ಯಸನಿಯು ಬಹುಕಾಲ ನೋಡುತ್ತಾನೆ. ಆದುದರಿಂದ ಬಹುಕಾಲ ನೋಡುವವನೆಲ್ಲ ವ್ಯಸನಿ ಎಂಬುದು ಈ ಅನುಮಾನದ ರೂಪ. ತರ್ಕದ ಬಾಲಪಾಠವನ್ನು ಓದಿದವರು ಇದರ ದೋಷವನ್ನು ಕೂಡಲೆ ಕಾಣುವರು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಾದ ಕಬ್ಬಿಣದ ಗುಂಡೇ ಅದಕ್ಕೆ ದೃಷ್ಟಾಂತ. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ಅನೇಕರಿಗೆ ಪಾಠವೇ ಮೊಬೈಲಿನಲ್ಲಿ ಬಂದಿತು. ಆಗ ಎಲ್ಲರಿಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕುಳಿತವನು ಎಲ್ಲರಿಗಿಂತ ಶ್ರದ್ಧಾವಂತನಾದ ವಿದ್ಯಾರ್ಥಿಯೂ ಆಗಿರಬಹುದು.

ಸಂಸ್ಕೃತದಲ್ಲಿ ವ್ಯಸನವೆಂಬ ಶಬ್ದಕ್ಕೆ ದುಶ್ಚಟವೆಂದೂ ಆಪತ್ತೆಂದೂ ಎರಡರ್ಥಗಳು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗಗಳ ವರ್ಗೀಕರಣವು ಮೊಬೈಲಿನ ಬಳಕೆಯನ್ನಲ್ಲ, ಪರದೆಯ ಮೇಲಿನ ಆಟದ ಗೀಳನ್ನು ಮಾತ್ರ ವ್ಯಾಧಿಯೆಂದು ಹೆಸರಿಸಿದೆ. ಅಲ್ಲಿ ಈ ಎರಡರ್ಥಗಳೂ ಕೂಡಬೇಕು. ಹಿಡಿತವು ತಪ್ಪಬೇಕು, ಉಳಿದ ಆಸಕ್ತಿಗಳನ್ನು ಆಟವು ಹಿಂದೊತ್ತಬೇಕು, ಕೇಡು ಕಂಡ ಮೇಲೂ ಅದು ಮುಂದುವರಿಯಬೇಕು. ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಾಣಬೇಕು. ಬಾಳಿಗೆ ಗಣ್ಯವಾದ ಹಾನಿಯೂ ಆಗಿರಬೇಕು. ಗಂಟೆಗಳ ಲೆಕ್ಕ ಅಲ್ಲಿಲ್ಲ.

ಪ್ರಶ್ನಾವಳಿಗಳು ಗಂಟೆಗಿಂತ ಸೂಕ್ಷ್ಮವೆಂಬುದು ನಿಜ. ದಕ್ಷಿಣ ಕೊರಿಯದ ವಿದ್ವಾಂಸರು 2013ರಲ್ಲಿ ಅಲ್ಲಿನ ಹದಿಹರೆಯದವರಿಗಾಗಿ ರಚಿಸಿದ ಸಂಕ್ಷಿಪ್ತ ಮಾಪಕದಲ್ಲಿ 10 ವಾಕ್ಯಗಳಿವೆ. ಒಂದೊಂದಕ್ಕೆ 1ರಿಂದ 6ರವರೆಗೆ ಅಂಕ. ಹುಡುಗರಿಗೆ 31, ಹುಡುಗಿಯರಿಗೆ 33 ಎಂದು ಎಲ್ಲೆಯನ್ನು ಗೊತ್ತುಮಾಡಿದರು. ಒಂದೇ ಮನೆಯ ಅಣ್ಣತಂಗಿಯರು ತಲಾ 32 ಪಡೆದರೆ ಅಣ್ಣನು ಎಲ್ಲೆಯ ಆಚೆ, ತಂಗಿಯು ಈಚೆ! ಸಾವಿರಾರು ಮಕ್ಕಳ ಸ್ಥಿತಿಯನ್ನು ಒಟ್ಟಾಗಿ ತಿಳಿಯಬಯಸುವವನಿಗೆ ಇಂಥ ಗೆರೆ ಬೇಕು. ಅದೇ ಗೆರೆಯಿಂದ ಒಂದು ಮಗುವಿಗೆ ಹೆಸರಿಟ್ಟರೆ, ಜರಡಿಯ ಕೆಲಸವನ್ನು ತಕ್ಕಡಿಗೆ ವಹಿಸಿದಂತಾಗುವುದಿಲ್ಲ, ತಕ್ಕಡಿಯ ಕೆಲಸವನ್ನು ಜರಡಿಗೆ ವಹಿಸಿದಂತಾಗುವುದು.

ಇನ್ನು ಸಾಕ್ಷಿಯ ಮಾತು. ಇಲ್ಲಿ ಆರೋಪಿಯೂ ಮಗುವೇ, ಸಾಕ್ಷಿಯೂ ಮಗುವೇ. ಉತ್ತರವು ಸಂಜೆಗೆ ತಂದೆಯನ್ನು ಮುಟ್ಟುವುದೆಂದು ತಿಳಿದ ಹುಡುಗನು 6ರ ಬದಲು 2ನ್ನು ಬರೆಯುವನು. ಹಾಗಾದಲ್ಲಿ ಅಳತೆಯೂ ಕೆಟ್ಟಿತು, ಸುಳ್ಳನ್ನೂ ಶಾಲೆಯೇ ಕಲಿಸಿದಂತಾಯಿತು. ಎರಡನೆಯದು ಹೆಚ್ಚಿನ ನಷ್ಟ.

ತಂದೆತಾಯಿಗಳಿಗೆ ತಿಳಿಸದೆ ಮಗುವಿಗೆ ನೆರವಾಗುವುದೆಂತು ಎಂದು ಕೆಲವರು ಕೇಳುವರು. ತಿಳಿಸಬಾರದೆಂದಲ್ಲ, ಮೊದಲು ತಿಳಿಯತಕ್ಕವನು ಉತ್ತರಿಸಿದ ಮಗುವೇ ಎಂದಷ್ಟೆ. ತರಗತಿಯ ಸಾಮಾನ್ಯ ಸ್ಥಿತಿಯನ್ನು ಅರಿಯಲು ಹೆಸರುಗಳೇ ಬೇಡ. ಹೆಸರು ಬೇಕಾದಲ್ಲಿ ಕಾಗದವನ್ನು ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರೇ ನೋಡಲಿ. ಅಂಕಿಯನ್ನು ತೀರ್ಪಾಗಿ ಓದದೆ, ನಿದ್ರೆ ಕೆಟ್ಟಿದೆಯೇ, ಗೆಳೆಯರು ದೂರವಾದರೇ, ಮನೆಯಲ್ಲಿ ಮಾತಾಡುವವರಿದ್ದಾರೆಯೇ ಎಂದು ಮಗುವಿನೊಡನೆ ಕುಳಿತು ಕೇಳಲಿ. ತೊಡಕು ಆಳವಾಗಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಲ್ಲಿ ಆರಂಭವಾದ ಚಿಕಿತ್ಸಾ ಸೇವೆಯಿದೆ.